ಊರಿನ ಕಲಾಶಾಲೆಗೆ ಶುಲ್ಕ ಬೇಕೇ, ಬೇಡವೇ?

ಪ್ರಶ್ನೆ: ಊರಿನ ಸಮುದಾಯ ಭವನದಲ್ಲಿ ಮಕ್ಕಳಿಗೆ ಸಂಗೀತ, ಭರತನಾಟ್ಯ, ಯಕ್ಷಗಾನ, ನಾಟಕ ಕಲಿಸುವ ಶಾಲೆ ತೆರೆಯಬೇಕೆಂದು ಕೆಲವರು ಸೇರಿದ್ದೇವೆ. ಲಾಭದ ಆಸೆ ಯಾರಿಗೂ ಇಲ್ಲ. ಆದರೆ ಶುಲ್ಕ ತೆಗೆದುಕೊಂಡರೆ ಅದೆಂಥ ಸೇವೆ ಎಂದು ನಮ್ಮಲ್ಲೇ ಕೆಲವರು ಕೇಳುತ್ತಾರೆ. ಸಂಘ ಮಾಡಬೇಕೋ, ಟ್ರಸ್ಟ್ ಮಾಡಬೇಕೋ ಅದೂ ತಿಳಿಯುತ್ತಿಲ್ಲ.
– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಶುಲ್ಕ ತೆಗೆದುಕೊಳ್ಳಿ ಮೇಡಂ. ಮೊದಲ ವರ್ಷ ಉತ್ಸಾಹದಲ್ಲಿ ಪುಕ್ಕಟೆ ಕಲಿಸಿದ ಗುರುಗಳು, ಶಿವಮೊಗ್ಗದಲ್ಲಿ ನಾಲ್ಕು ಮನೆಪಾಠ ಸಿಕ್ಕರೆ ಅತ್ತ ಹೋಗುತ್ತಾರೆ. ಅವರಿಗೂ ಸಂಸಾರವಿದೆ, ದೂರುವಂತಿಲ್ಲ. ಲಾಭರಹಿತ ಸಂಸ್ಥೆಯಲ್ಲಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಶಾಲೆಯ ಕೆಲಸಕ್ಕೇ ಹೋಗಬೇಕು. ಕಲಿಸುವವರಿಗೆ ಸಂಭಾವನೆ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಖರ್ಚಿನ ಪಟ್ಟಿ ಬರೆಯುವಾಗ ಮೊದಲ ಸಾಲು ಅವರ ಸಂಭಾವನೆಯೇ ಆಗಿರಲಿ. ಬ್ಯಾನರು, ಶಾಲು, ಹಾರ ಎಲ್ಲ ಕೊನೆಗೆ.

ವಸೂಲಿ ಮಾತ್ರ ಪೇಟೆಯ ಲೆಕ್ಕದಲ್ಲಿ ಬೇಡ. ಅಡಿಕೆ ಬೆಳೆಗಾರರ ಕೈಯಲ್ಲಿ ದುಡ್ಡು ಆಡುವುದು ಕೊಯ್ಲು ಮುಗಿದು, ಮಂಡಿಗೆ ಅಡಿಕೆ ಹಾಕಿದ ಮೇಲೆ. ಅವರಿಂದ ವರ್ಷಕ್ಕೆ ಒಂದೋ ಎರಡೋ ಕಂತಿನಲ್ಲಿ ತೆಗೆದುಕೊಳ್ಳಿ. ಅದೇ ತೋಟಕ್ಕೆ ಕೂಲಿಗೆ ಹೋಗುವವರ ಮಕ್ಕಳಿಗೆ ಪೂರಾ ಬಿಟ್ಟುಬಿಡಿ. ಯಾರಿಗೆ ಬಿಟ್ಟಿದ್ದೀರಿ ಎಂಬುದು ಖಜಾಂಚಿಗೆ ಮತ್ತು ಇನ್ನೊಬ್ಬರಿಗೆ ಗೊತ್ತಿದ್ದರೆ ಸಾಕು, ಕಲಿಸುವ ಗುರುಗಳಿಗೂ ಗೊತ್ತಾಗುವುದು ಬೇಡ. ವಾರ್ಷಿಕೋತ್ಸವದ ಮೈಕಿನಲ್ಲಿ 'ಬಡ ಮಕ್ಕಳಿಗೆ ಉಚಿತ' ಎಂದು ಸಾರಬೇಡಿ. ಆ ಮಗು ವೇದಿಕೆಯ ಮೇಲೇ ನಿಂತಿರುತ್ತದೆ.

ಮಕ್ಕಳು ನೃತ್ಯದ ತರಗತಿ ಬಿಡುವುದಕ್ಕೆ ಶುಲ್ಕಕ್ಕಿಂತ ದೊಡ್ಡ ಕಾರಣ ಉಡುಪಿನ ಖರ್ಚು. ಕಾರ್ಯಕ್ರಮ ಹತ್ತಿರ ಬಂತೆಂದರೆ ಹೊಲಿಸಿದ ಸೀರೆ, ತಲೆಸಾಮಾನು, ಸೊಂಟದ ಪಟ್ಟಿ, ಜಡೆ, ಮೇಕಪ್ ಎಂದು ಪಟ್ಟಿ ಬೆಳೆಯುತ್ತದೆ. ಎಷ್ಟೋ ತಾಯಂದಿರು 'ಈ ವರ್ಷ ಬೇಡ ಬಿಡಿ' ಅನ್ನುವುದು ಆಗಲೇ. ಆದ್ದರಿಂದ ದಾನಿಗಳು ಕೇಳಿದರೆ ಮೊದಲು ಉಡುಪು ಕೇಳಿ. ಒಳಗೆ ಬಟ್ಟೆ ಹೆಚ್ಚು ಬಿಟ್ಟು, ಹುಕ್ಕಿನ ಸಾಲು ಎರಡಿಟ್ಟು ಹೊಲಿಸಿದರೆ ಒಂದೇ ಉಡುಪನ್ನು ಬೇರೆ ಬೇರೆ ಅಳತೆಯ ಮಕ್ಕಳು ವರ್ಷಗಟ್ಟಲೆ ಉಡಬಹುದು. ಎಲ್ಲ ಮಕ್ಕಳೂ ಶಾಲೆಯ ಪೆಟ್ಟಿಗೆಯ ಉಡುಪನ್ನೇ ಉಡಲಿ, ಉಳ್ಳವರ ಮಕ್ಕಳೂ ಕೂಡ.

ನೋಂದಣಿಗೆ ಸಂಘವೇ ವಾಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 18 ವರ್ಷ ದಾಟಿದ ಕನಿಷ್ಠ 7 ಜನ ಸೇರಿ, ಬೈಲಾ ಬರೆದು, ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಬೇಕು. ಟ್ರಸ್ಟ್ ಸಲೀಸು, ಆದರೆ ಅಧಿಕಾರ ಕೆಲವೇ ಜನರ ಕೈಯಲ್ಲಿ ಉಳಿಯುತ್ತದೆ. ಸಂಘದಲ್ಲಿ ಪೋಷಕರೂ ಸದಸ್ಯರಾಗಿ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಬಹುದು. ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸಿ ಸಲ್ಲಿಸುವುದನ್ನು ಮಾತ್ರ ತಪ್ಪಿಸಬೇಡಿ. ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಕೇಳುವಾಗ ಆ ಕಾಗದಗಳೇ ಬೇಕಾಗುವುದು.

ನಾಲ್ಕು ಕಲೆಗಳನ್ನೂ ಒಟ್ಟಿಗೆ ಶುರು ಮಾಡಲೂ ಬೇಡಿ. ಹೆಗ್ಗೋಡಿನ ನೀನಾಸಂ ಹುಟ್ಟಿದ್ದು 1949ರಲ್ಲಿ, ಅದರ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ಮೂರು ದಶಕ ಊರವರು ಕೂಡಿ ನಾಟಕ ಆಡುತ್ತ ಬಂದಿದ್ದರಿಂದ ಆ ಶಾಲೆಗೆ ಕಾಲೂರಲು ನೆಲವಿತ್ತು. ನೀವು ಹತ್ತಿರದಲ್ಲಿ ಒಳ್ಳೆಯ ಗುರುಗಳಿರುವ ಒಂದು ಕಲೆಯಿಂದ ಹೊರಡಿ. ನಾಟಕ ಬೇಸಿಗೆ ರಜೆಯ ಶಿಬಿರವಾಗಿರಲಿ. ಯಕ್ಷಗಾನ ಬಯಲಾಟದ ಮೇಳಗಳು ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಸಿದರೆ ಮತ್ತೆ ಹೊರಡುವುದು ದೀಪಾವಳಿಯ ನಂತರ. ನುರಿತ ಕಲಾವಿದರಲ್ಲಿ ಅನೇಕರಿಗೆ ಮಳೆಗಾಲದಲ್ಲಿ ದುಡಿಮೆ ಕಡಿಮೆ. ಯಕ್ಷಗಾನದ ಹೆಜ್ಜೆ ಕಲಿಸಲು ಅವರನ್ನು ಆಗ ಕರೆಯಿರಿ, ಒಪ್ಪಿದ ಸಂಭಾವನೆಯನ್ನು ತಿಂಗಳು ತಿಂಗಳು ಕೊಡಿ. ತರಗತಿಯ ವೇಳೆಯನ್ನು ಊರಿನ ಕೊನೆಯ ಬಸ್ಸು ನೋಡಿಕೊಂಡು ಇಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಶಾಲೆಯ ಮೃದಂಗ ಶ್ರುತಿಗೇ ನಿಲ್ಲುವುದಿಲ್ಲ, ಹಾರ್ಮೋನಿಯಂಗೆ ಬೂಸ್ಟು ಹಿಡಿಯುತ್ತದೆ. ಏನು ಮಾಡಬೇಕು?
– ಓದುಗರು, ಹೊಸನಗರ

ಉತ್ತರ: ಥಂಡಿಗೆ ಚರ್ಮ ಸಡಿಲಾಗುತ್ತದೆ. ಆಗ ಸುತ್ತಿಗೆಯಲ್ಲಿ ಬಡಿದು ಬಡಿದು ಶ್ರುತಿ ಏರಿಸಿದರೆ ಚರ್ಮದ ಮುಚ್ಚಿಗೆ ಬೇಗ ಹರಿಯುತ್ತದೆ. ಮಳೆಗಾಲದ ಅಭ್ಯಾಸಕ್ಕೆ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಒಂದು ಕೀಲಿಯಷ್ಟು, ಶ್ರುತಿ ತಗ್ಗಿಸಿಕೊಳ್ಳಿ. ನುಡಿಸಿಯಾದ ಮೇಲೆ ಮೃದಂಗದ ಎಡಬದಿಗೆ ಮೆತ್ತಿದ ರವೆಯ ಕಣಕವನ್ನು ಪೂರ್ತಿ ಕೆರೆದು ಒರೆಸಬೇಕು. ಬೂಸ್ಟು ಬರುವುದೂ ಜಿರಲೆ ಕಡಿಯುವುದೂ ಅಲ್ಲಿಂದಲೇ. ವಾದ್ಯಗಳನ್ನು ಮರದ ಕಪಾಟಿನಲ್ಲಿಟ್ಟು, ಅವಕ್ಕೂ ಬಟ್ಟೆಗೂ ತಾಗದಂತೆ ಹಳೆಯ ತಂತಿಯ ಬಲ್ಬೊಂದನ್ನು ಉರಿಸಿ. ಎಲ್‌ಇಡಿಯ ಬಿಸಿ ಇದಕ್ಕೆ ಸಾಲದು. ಡೊಳ್ಳಿನಂತೆ ಮೃದಂಗವನ್ನು ಬೆಂಕಿಗೆ ಹಿಡಿಯಬೇಡಿ, ಬಲಬದಿಯ ಕಪ್ಪು ಲೇಪ, ಅಂದರೆ ಕರಣೆ, ಬಿರಿಯುತ್ತದೆ. ಹಾರ್ಮೋನಿಯಂ ಅನ್ನು ರಜೆಯ ದಿನವೂ ಯಾರಾದರೂ ತೆಗೆದು ಸ್ವಲ್ಪ ಹೊತ್ತು ನುಡಿಸಲಿ. ಗೆಜ್ಜೆಯ ಚರ್ಮದ ಪಟ್ಟಿ ಬೆವರು ಆರಿದ ಮೇಲೆ ಚೀಲ ಸೇರಲಿ.

ಪ್ರಶ್ನೆ: ವಾರ್ಷಿಕೋತ್ಸವಕ್ಕೆ ಇತ್ತೀಚಿನ ಲೇಖಕರೊಬ್ಬರ ನಾಟಕ ಆಡಿಸುತ್ತೇವೆ. ಅನುಮತಿ ಬೇಕೇ?
– ಓದುಗರು, ಸಾಗರ

ಉತ್ತರ: ಹವ್ಯಾಸಿ ಸಂಘವು ಟಿಕೆಟ್ಟಿಲ್ಲದೆ ಆಡುವ ಪ್ರದರ್ಶನಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೂ ಬರೆದವರಿಗೆ ಮೊದಲೇ ತಿಳಿಸಿ, ಕರೆಯೋಲೆಯಲ್ಲಿ ಅವರ ಹೆಸರು ಹಾಕಿ, ನೋಡಲು ಕರೆಯಿರಿ. ಟಿಕೆಟ್ ಇಡುವುದಾದರೆ ಲಿಖಿತ ಒಪ್ಪಿಗೆ ಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಆಗ ವಾರಸುದಾರರನ್ನು ಕೇಳಿ. ಗೌರವಧನದ ಮಾತನ್ನೂ ಅದೇ ಪತ್ರದಲ್ಲಿ ನೀವೇ ಎತ್ತಿ.