ಸುಣ್ಣಕಲ್ಲಿನ ಗುಹೆಯ ಗೋಡೆಯನ್ನು ಮುಟ್ಟಬಾರದೇಕೆ?

ಪ್ರಶ್ನೆ: ಪ್ರವಾಸಿಗರಿಗೆ ತೆರೆದಿರುವ ಸುಣ್ಣಕಲ್ಲಿನ ಗುಹೆಗಳಲ್ಲಿ ಕಲ್ಲನ್ನು ಮುಟ್ಟಲು ಬಿಡುವುದಿಲ್ಲವೇಕೆ? ಇಂತಹ ಗುಹೆಗಳ ಇತಿಹಾಸವೇನು?

ಉತ್ತರ: ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಚಾವಣಿಯಿಂದ ತೊಟ್ಟಿಕ್ಕುವಾಗ, ಆ ಅನಿಲ ಹೊರಹೋಗಿ, ಹನಿಯ ಅಂಚಿನಲ್ಲಿ ಕ್ಯಾಲ್ಸೈಟಿನ (ಸುಣ್ಣಕಲ್ಲಿನ ಮುಖ್ಯ ಖನಿಜ) ತೆಳುಪದರ ಉಳಿಯುತ್ತದೆ. ಹೀಗೆ ಪದರದ ಮೇಲೆ ಪದರ ಕೂತು ಗುಹೆಯ ಕಲ್ಲು ಬೆಳೆಯುತ್ತದೆ; ಕೈಯ ಜಿಡ್ಡು ಅಂಟಿದರೆ ಹೊಸ ಪದರ ಸರಿಯಾಗಿ ಕೂರದೆ ಕಲ್ಲು ಮಂಕಾಗುತ್ತದೆ.

ಇತಿಹಾಸಕ್ಕೆ ಸ್ಲೊವೇನಿಯಾದ ಪೊಸ್ತೊಯ್ನಾ ಗುಹೆಯೇ ಉತ್ತಮ ಉದಾಹರಣೆ. ಅದರ ಒಳಭಾಗವನ್ನು 1818ರಲ್ಲಿ ಸ್ಥಳೀಯ ಲೂಕಾ ಚೆಚ್ ಪತ್ತೆಹಚ್ಚಿದರು. ಮರುವರ್ಷ ಅದು ಸಾರ್ವಜನಿಕರಿಗೆ ತೆರೆಯಿತು. 1872ರಲ್ಲಿ ಹಳಿ ಹಾಕಿದಾಗ ಬಂಡಿಗಳನ್ನು ತಳ್ಳುತ್ತಿದ್ದವರು ಮಾರ್ಗದರ್ಶಕರೇ! 1884ರಲ್ಲಿ ವಿದ್ಯುದ್ದೀಪ ಬಂದಿತು. ಪ್ರವೇಶದ ಬಳಿ ಗೋಡೆಗಳು ಕಪ್ಪಾಗಿರುವುದನ್ನು ಪಂಜಿನ ಮಸಿಯೆಂದು ಭಾವಿಸುವುದು ಸಹಜವಾದರೂ, ಅದು 1944ರಲ್ಲಿ ಪ್ರತಿರೋಧ ಹೋರಾಟಗಾರರು ಅಲ್ಲಿದ್ದ ಜರ್ಮನ್ ಸೇನೆಯ ಇಂಧನ ಸಂಗ್ರಹಕ್ಕೆ ಬೆಂಕಿಯಿಟ್ಟಾಗ ಹಿಡಿದ ಮಸಿ.