ಹವ್ಯಾಸಿ ತಂತ್ರಾಂಶಕ್ಕೆ ಯಾವ ಪರವಾನಗಿ?

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ನಕ್ಷತ್ರಗಳ ಸ್ಥಾನ ತೋರಿಸುವ ಚಿಕ್ಕ ತಂತ್ರಾಂಶವೊಂದನ್ನು ಬರೆದಿದ್ದೇನೆ. ಎಲ್ಲರೂ ಬಳಸಲಿ, ಯಾರೂ ಮಾರಬಾರದು ಎಂಬುದು ನನ್ನ ಇಚ್ಛೆ. ‘ಉಚಿತ’ ಎಂದಷ್ಟೇ ಬರೆದರೆ ಸಾಕೇ?

ಉತ್ತರ: ಸಾಲದು. ‘ಉಚಿತ’ ಎಂಬ ಮಾತು ಬೆಲೆಯನ್ನಷ್ಟೇ ಹೇಳುತ್ತದೆ. ಪ್ರತಿ ಮಾಡಿ ಹಂಚಬಹುದೇ, ತಿದ್ದಬಹುದೇ ಎಂಬುದನ್ನು ಹೇಳುವುದಿಲ್ಲ. ಪರವಾನಗಿ ಇಲ್ಲದಿದ್ದರೆ ಆ ಹಕ್ಕುಗಳೆಲ್ಲ ಕೃತಿಸ್ವಾಮ್ಯದ ಪ್ರಕಾರ ನಿಮ್ಮಲ್ಲಿಯೇ ಉಳಿಯುವುದರಿಂದ, ನಿಯಮಕ್ಕೆ ಬೆಲೆ ಕೊಡುವ ಪ್ರಾಮಾಣಿಕ ಬಳಕೆದಾರರೇ ಮೊದಲು ಹಿಂಜರಿಯುತ್ತಾರೆ.

ಮಾರಾಟ ತಡೆಯುವ ಷರತ್ತು ಹಾಕುವ ಮುನ್ನ ದಯವಿಟ್ಟು ಒಮ್ಮೆ ಯೋಚಿಸಿ. ಶುಲ್ಕ ಪಡೆಯುವ ಶಿಕ್ಷಕರೊಬ್ಬರು ಅದನ್ನು ಪಾಠದಲ್ಲಿ ಬಳಸಿದರೆ, ಅಥವಾ ಪ್ರತಿ ಮಾಡಿದ ಖರ್ಚನ್ನಷ್ಟೇ ಪಡೆದು ಯಾರಾದರೂ ಹಂಚಿದರೆ, ಅದು ವಾಣಿಜ್ಯವೇ? ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸನ್ನು ಹೊರತಂದಾಗ, ಹಣ ಪಡೆದು ಹಂಚಬಾರದೆಂಬ ಷರತ್ತನ್ನೇ ಹಾಕಿದ್ದರು; 1992ರಲ್ಲಿ ಅದನ್ನು ಕೈಬಿಟ್ಟು ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬ ಪರವಾನಗಿಯನ್ನು ಆರಿಸಿಕೊಂಡರು. ಜಿಪಿಎಲ್ ಮಾರಾಟವನ್ನು ತಡೆಯುವುದಿಲ್ಲವಾದರೂ, ಹಂಚುವವರು ಮೂಲ ಕೋಡನ್ನೂ ಅದೇ ಹಕ್ಕುಗಳೊಂದಿಗೆ ಒದಗಿಸಬೇಕಾಗುವುದರಿಂದ, ನಿಮ್ಮ ಶ್ರಮವನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳಲಾಗದು. ನಿಮ್ಮ ಆತಂಕಕ್ಕೆ ಅಷ್ಟು ರಕ್ಷಣೆ ಸಾಕೆಂದು ನನ್ನ ಅಭಿಪ್ರಾಯ.

ನಿರ್ಬಂಧವೇ ಬೇಕೆನಿಸಿದರೆ, ವಕೀಲರು ರೂಪಿಸಿದ ಪಾಲಿಫಾರ್ಮ್ ನಾನ್‌ಕಮರ್ಷಿಯಲ್ ಪರವಾನಗಿ ಇದೆ. ಬರಹ, ಚಿತ್ರಗಳಂಥ ಕೃತಿಗಳಿಗೆ ಬಳಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಪರವಾನಗಿಗಳನ್ನು ತಂತ್ರಾಂಶಕ್ಕೆ ಬಳಸದಿರುವಂತೆ ಆ ಸಂಸ್ಥೆಯೇ ಸಲಹೆ ನೀಡುತ್ತದೆ. ವಾಣಿಜ್ಯ ಬಳಕೆಯನ್ನು ನಿಷೇಧಿಸಿದ ತಂತ್ರಾಂಶವನ್ನು ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಎಂದು ಕರೆಯಬಾರದು, ಏಕೆಂದರೆ ಓಪನ್ ಸೋರ್ಸ್ ವ್ಯಾಖ್ಯೆ ಅಂಥ ನಿಷೇಧವನ್ನು ಒಪ್ಪುವುದಿಲ್ಲ. ನಿಮ್ಮ ತಂತ್ರಾಂಶದಲ್ಲಿ ಬೇರೆಯವರ ಜಿಪಿಎಲ್ ಕೋಡ್ ಸೇರಿದ್ದರಂತೂ ಮಾರಾಟ ನಿಷೇಧಿಸುವ ಅಧಿಕಾರ ನಿಮಗಿರುವುದಿಲ್ಲ. ಯಾವುದನ್ನೇ ಆರಿಸಿದರೂ ಅದರ ಪೂರ್ಣ ಪಾಠವನ್ನು, ನಿಮ್ಮ ಹೆಸರು ಮತ್ತು ವರ್ಷದೊಂದಿಗೆ, ತಂತ್ರಾಂಶದ ಜೊತೆಯಲ್ಲೇ ಪ್ರತ್ಯೇಕ ಕಡತವಾಗಿ ಇಡಿ.