ಪೂಜೆಗೆ ತಪ್ಪದೆ ಹೋದರೂ ಭರವಸೆ ಮೂಡುತ್ತಿಲ್ಲವೆಂಬ ಪ್ರಶ್ನೆಗೆ

ತಂದೆಯವರು ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು, ವರ್ಷದಿಂದ ಚರ್ಚಿನ ಭಾನುವಾರದ ಬಲಿಪೂಜೆಗೆ ತಪ್ಪದೆ ಹೋಗುತ್ತಿದ್ದರೂ ನಿಮ್ಮಲ್ಲಿ ಭರವಸೆ ಮೂಡದಿರುವುದಕ್ಕೆ ಕಾರಣ ವಿಶ್ವಾಸದ ಕೊರತೆಯಲ್ಲ. ಅಷ್ಟು ದೊಡ್ಡ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲದಿರುವುದೇ ಇರಬೇಕು.

ಮೊದಲು ಧರ್ಮಕೇಂದ್ರದ ಕಚೇರಿಗೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರದ ಪ್ರತಿಯೊಂದಿಗೆ ಹೋಗಿ ಹೆಸರು ನೋಂದಾಯಿಸಿ, ನಿಮ್ಮ ಬೀದಿ ಯಾವ ಕಿರು ಕ್ರೈಸ್ತ ಸಮುದಾಯಕ್ಕೆ, ಅಂದರೆ ನೆರೆಹೊರೆಯವರು ಮನೆಗಳಲ್ಲಿ ಸೇರಿ ಪ್ರಾರ್ಥಿಸುವ ಗುಂಪಿಗೆ, ಸೇರುತ್ತದೆಂದು ಕೇಳಿಕೊಳ್ಳಿ. ಅದರ ಮುಂದಿನ ಕೂಟಕ್ಕೆ, ಸಂಕೋಚವಾದರೂ, ಹೋಗಿ. ನಾನು ಮೊದಲ ಸಲ ಹೋದಾಗ ಹತ್ತು ಹನ್ನೆರಡು ಮಂದಿ ಒಂದು ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಬೈಬಲ್ಲಿನ ಶುಭಸಂದೇಶ ಓದಿದರು. ಪ್ರಾರ್ಥನೆಯ ಕೋರಿಕೆ ಕೇಳುವಾಗ ಆ ಮನೆಯ ಅಮ್ಮ ತೀರಿಕೊಂಡ ನನ್ನ ತಾಯಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡರು, ಮುಂದಿನ ತಿಂಗಳು ಅದೇ ಮಡಿಸಿದ ಚೀಟಿಯನ್ನು ಬೈಬಲ್ಲಿನೊಳಗಿಂದ ತೆಗೆದು ಮತ್ತೆ ಓದಿದರು. ನನ್ನ ದುಃಖವನ್ನು ಇನ್ನೊಬ್ಬರೂ ಹೊರುತ್ತಿದ್ದಾರೆಂದು ತಿಳಿದದ್ದು ಆಗ.

ಎರಡು ಮೂರು ಕೂಟಗಳಾದ ಮೇಲೆ ಒಂದು ಸೇವೆಯನ್ನು ಕೈಗೆತ್ತಿಕೊಳ್ಳಿ. ಗಾಯನವೃಂದ ಒಳ್ಳೆಯದೇ, ಆದರೆ ನಿಮಗೆ ಸಂತ ವಿನ್ಸೆಂಟ್ ದೆ ಪಾಲ್ ಸಭೆಯೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಫ್ರೆಡ್ರಿಕ್ ಒಝಾನಾಂ ಎಂಬ ವಿದ್ಯಾರ್ಥಿ ಮತ್ತು ಅವರ ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಆ ಸಭೆಯ ಮುಖ್ಯ ಕೆಲಸವೇ ಬಡವರ, ರೋಗಿಗಳ ಮನೆಗಳಿಗೆ ಜೊತೆಯಾಗಿ ಹೋಗಿ ಮಾತಾಡಿಸಿ ಬರುವುದು. ತಂದೆಯವರಿಗಾಗಿ ನವೆಂಬರ್ 2ರ ಮೃತರ ಸ್ಮರಣೆಯ ಪೂಜೆಗೂ ಹೆಸರು ಬರೆಸಿ.

ಮನಸ್ಸು ಎಷ್ಟು ದಿನಗಳಲ್ಲಿ ಹಗುರಾಗುತ್ತದೆಂದು ಹೇಳಲಾರೆ. ಊಟ, ನಿದ್ರೆ ವಾರಗಟ್ಟಲೆ ಕೆಟ್ಟಿದ್ದರೆ ಗುರುಗಳ ಜೊತೆಗೆ ವೈದ್ಯರನ್ನೂ ಕಾಣಿರಿ. ಧರ್ಮಕೇಂದ್ರದ ಕಚೇರಿಗೆ ಮಾತ್ರ ಈ ವಾರವೇ ಹೋಗಿ.